ಕರಾವಳಿಯ ಮಳೆಗೆ ಹಾರ್ನ್ ಸ್ಪೀಕರ್ ಕಟ್ಟುವುದು: ನನ್ನ ಅನುಭವ

ಡಬ್ಬದ ಮೇಲೆ ಐಪಿ 66 ಎಂದು ಅಚ್ಚಾಗಿದ್ದರೆ ಅದು ಹಾರ್ನ್‌ಗೆ ಮಾತ್ರ ತಯಾರಕರು ಕೊಟ್ಟ ಭರವಸೆ. ಮೊದಲ 6 ಎಂದರೆ ಧೂಳು ಒಳಗೆ ಹೋಗದು, ಎರಡನೆಯ 6 ಎಂದರೆ ರಭಸದ ನೀರಿನ ಧಾರೆಯನ್ನೂ ತಡೆಯುತ್ತದೆ. ಉಪ್ಪುಗಾಳಿ, ಬಿಸಿಲು, ಇರುವೆ ಇವುಗಳ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ; ನಾವು ಹಾಕುವ ಜಾಯಿಂಟ್ ಬಗ್ಗೆಯಂತೂ ಇಲ್ಲವೇ ಇಲ್ಲ. ಮಂಗಳೂರು, ಉಡುಪಿ ಕಡೆಯ ದೇವಸ್ಥಾನದ ಅಂಗಳ, ಶಾಲೆ ಮೈದಾನಗಳಲ್ಲಿ ಮಳೆಗಾಲಕ್ಕೆ ಬಾಯಿ ಮುಚ್ಚುವ ಸೆಟ್‌ಗಳಲ್ಲಿ ನನಗೆ ಹೆಚ್ಚಾಗಿ ಸಿಕ್ಕಿದ್ದು ವಯರ್ ಸೇರುವ ಜಾಗದ ದೋಷ.

ಮೊದಲು ಲೆಕ್ಕ. ಎಂಟು ಹಾರ್ನ್, 200 ಮೀಟರ್ ವಯರ್ ಇರುವ ಅಂಗಳಕ್ಕೆ 100 ವೋಲ್ಟ್ ಲೈನ್ (ವೋಲ್ಟೇಜ್ ಏರಿಸಿ ಕಳಿಸಿ, ಪ್ರತಿ ಹಾರ್ನ್‌ನಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವ ಪದ್ಧತಿ) ಬಿಟ್ಟು ಬೇರೆ ಯೋಚನೆ ಬೇಡ. ಪ್ರತಿ ಹಾರ್ನ್‌ನ ಟ್ರಾನ್ಸ್‌ಫಾರ್ಮರ್ ಟ್ಯಾಪನ್ನು (ಹಾರ್ನ್ ಎಷ್ಟು ಪವರ್ ಎಳೆಯಬೇಕೆಂದು ಆರಿಸುವ ಜಾಗ) 15 ವ್ಯಾಟ್‌ಗೆ ಇಟ್ಟರೆ ಒಟ್ಟು 120 ವ್ಯಾಟ್. ಇದಕ್ಕೆ ನಾನು 160 ವ್ಯಾಟ್ ಆಂಪ್ಲಿಫೈಯರ್ ಕೊಡುತ್ತೇನೆ. 1.5 ಚದರ ಮಿ.ಮೀ. ತಾಮ್ರದ ವಯರ್ ಹೋಗಿ ಬರುವ ಒಟ್ಟು ರೆಸಿಸ್ಟೆನ್ಸ್ ಸುಮಾರು 4.8 ಓಮ್, ಹಾರ್ನ್‌ಗಳೆಲ್ಲ ಸೇರಿದ ಲೋಡ್ 83 ಓಮ್. ಎಲ್ಲ ಹಾರ್ನ್‌ಗಳೂ ವಯರಿನ ಕೊನೆಯಲ್ಲೇ ಇದ್ದರೂ ಧ್ವನಿ ಅರ್ಧ ಡೆಸಿಬಲ್‌ನಷ್ಟು ಮಾತ್ರ ಇಳಿಯುತ್ತದೆ. ಅದೇ ವಯರಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದೆ 8 ಓಮ್ ಲೋಡ್ ನೇರವಾಗಿ ಹಾಕಿದರೆ ಆಂಪ್ಲಿಫೈಯರ್ ಕೊಟ್ಟ ಪವರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ವಯರಿನಲ್ಲೇ ಬಿಸಿಯಾಗಿ ಹೋಗುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವಯರ್ ಅಗ್ಗಕ್ಕೆ ಸಿಗುತ್ತದೆ, ತುದಿಯನ್ನು ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಬೇಡ. ಆಂಪ್ಲಿಫೈಯರಿನ ಹಿಂಬದಿಯಲ್ಲಿ 100 ವೋಲ್ಟ್ ಟರ್ಮಿನಲ್‌ಗೆ ಲೈನ್ ಇರುವಾಗ 8 ಓಮ್ ಟರ್ಮಿನಲ್‌ಗೆ ಇನ್ನೊಂದು ಬಾಕ್ಸ್ ಸಿಕ್ಕಿಸುವವರಿದ್ದಾರೆ. ಓವರ್‌ಲೋಡ್ ಆಗಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುವುದು ಹಾಗೆಯೇ. ವಾಲ್ಯೂಮ್ ಏರಿಸಿದಾಗ ಈ ಲೈನ್ ಶಾಕ್ ಹೊಡೆಯುತ್ತದೆ, ಕಂಬ ಹತ್ತುವ ಮುಂಚೆ ಆಂಪ್ಲಿಫೈಯರ್ ಆಫ್.

ಇನ್ನು ನೀರು. ಹಾರ್ನ್‌ನ ಬಾಯಿ 10ರಿಂದ 15 ಡಿಗ್ರಿ ಕೆಳಗೆ ಬಾಗಿರಬೇಕು. ಜನ ಇರುವುದೂ ಕೆಳಗೇ. ಮೇಲ್ಮುಖವಾಗಿ ಕಟ್ಟಿದರೆ ನೀರು ಹಿಂದಕ್ಕೆ ಹರಿದು ಯೂನಿಟ್ (ಧ್ವನಿ ಹುಟ್ಟಿಸುವ ಹಿಂಬದಿಯ ಭಾಗ) ಹತ್ತಿರ ನಿಲ್ಲುತ್ತದೆ. ವಯರ್ ಹಾರ್ನ್‌ಗೆ ಸೇರುವ ಮುಂಚೆ ಅರ್ಧ ಅಡಿ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಳಸಿ ಬಿಡಿ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಜಂಕ್ಷನ್ ಬಾಕ್ಸನ್ನು ಸುತ್ತಲೂ ಸಿಲಿಕಾನ್ ಮೆತ್ತಿ ಮುಚ್ಚುವ ಅಭ್ಯಾಸ ಎಲ್ಲೆಡೆ ಇದೆ. ಅದೇ ತೊಂದರೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಸಂಜೆ ಮಳೆ ಬಿದ್ದು ಬಾಕ್ಸ್ ತಣ್ಣಗಾದಾಗ ಕುಗ್ಗಿ ಗ್ಲ್ಯಾಂಡ್‌ನ (ವಯರ್ ಒಳಗೆ ಹೋಗುವ ಬಿಗಿ ತಿರುಪು) ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಎಳೆದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಗ್ಲ್ಯಾಂಡ್‌ಗಳೆಲ್ಲ ಬಾಕ್ಸ್‌ನ ತಳದಲ್ಲಿರಲಿ, ಅತಿ ತಗ್ಗಿನ ಜಾಗದಲ್ಲಿ 5 ಮಿ.ಮೀ. ತೂತು ಕೊರೆದು, ಇರುವೆ ಬರದಂತೆ ಒಳಗಿನಿಂದ ಸಣ್ಣ ಸ್ಟೀಲ್ ಜಾಲರಿ ಅಂಟಿಸಿ. ಹಾರ್ನ್ ಕಂಪನಿಯವರು ತೂತು ಬಿಟ್ಟಿದ್ದರೆ ಅದನ್ನು ಮುಚ್ಚಬೇಡಿ. ಸಿಲಿಕಾನ್ ಬೇಕೇಬೇಕಾದಲ್ಲಿ ನ್ಯೂಟ್ರಲ್ ಬಗೆಯದು ತನ್ನಿ. ವಿನೆಗರ್ ವಾಸನೆಯದ್ದು ಆಮ್ಲ ಬಿಟ್ಟು ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ.

ಸಾದಾ ಇನ್ಸುಲೇಷನ್ ಟೇಪಿನ ಅಂಟು ಬೇಸಿಗೆಯಲ್ಲಿ ಕರಗಿ, ಮಳೆಯಲ್ಲಿ ಒದ್ದೆ ಬಟ್ಟೆಯಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಅಂಟಿರುವ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಸ್ಕ್ರೂ ಟರ್ಮಿನಲ್‌ಗೆ ಹೋಗುವ ಎಳೆಗಳಿಗೆ ಬೆಸುಗೆ ಬೇಡ; ಬೆಸುಗೆಯ ಲೋಹ ಒತ್ತಡಕ್ಕೆ ಮೆಲ್ಲಗೆ ಜರುಗಿ ಸ್ಕ್ರೂ ಸಡಿಲವಾಗುತ್ತದೆ. ಫೆರೂಲ್ (ಎಳೆಗಳ ತುದಿಗೆ ಹಾಕುವ ಸಣ್ಣ ಲೋಹದ ಕೊಳವೆ) ಒತ್ತಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ನಟ್ಟು ಬೋಲ್ಟು ಸಮುದ್ರದ ಪಕ್ಕದಲ್ಲಾದರೆ 316 ಸ್ಟೇನ್‌ಲೆಸ್, ಒಳನಾಡಿಗೆ 304. ಅಲ್ಯೂಮಿನಿಯಂ ಹಾರ್ನ್‌ಗೆ ಸ್ಟೀಲ್ ಬೋಲ್ಟ್ ತಾಗುವಲ್ಲಿ ನೈಲಾನ್ ವಾಷರ್ ಇಲ್ಲದಿದ್ದರೆ ಉಪ್ಪುನೀರಿಗೆ ಅಲ್ಯೂಮಿನಿಯಮ್ಮೇ ಸವೆಯುತ್ತದೆ.

ಯೂನಿಟ್ ಹಾಳಾಗುವುದಕ್ಕೆ ಹೆಚ್ಚಾಗಿ ಮಳೆ ಕಾರಣವಲ್ಲ, ಬಾಸ್ (ತಗ್ಗು ಸ್ವರ) ಕಾರಣ. ಹಾರ್ನ್ ತನ್ನ ಮಿತಿಗಿಂತ ಕೆಳಗಿನ ಸ್ವರವನ್ನು ಗಾಳಿಗೆ ದಾಟಿಸಲಾರದು. ಡಯಾಫ್ರಾಮ್ (ಯೂನಿಟ್ ಒಳಗೆ ಕಂಪಿಸುವ ತೆಳು ಹಾಳೆ) ಸುಮ್ಮನೆ ಹಿಂದೆ ಮುಂದೆ ಹಾರಿ ಒಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇರೆ ತನ್ನ ಕಾಂತೀಯ ಮಿತಿ ಮುಟ್ಟಿ ಧ್ವನಿ ಕೆಡಿಸುತ್ತದೆ. ಮಿಕ್ಸರ್‌ನಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ. ಭಜನೆಯ ತಬಲಾ ಸ್ವಲ್ಪ ಬಡವಾಗುತ್ತದೆ, ಆಗಲಿ, ಮಾತು ಸ್ಪಷ್ಟವಾಗುತ್ತದೆ.

ಎರಡು ದೊಡ್ಡ ಹಾರ್ನ್‌ಗಳನ್ನು ಗೋಪುರಕ್ಕೆ ಕಟ್ಟುವುದಕ್ಕಿಂತ ಎಂಟು ಸಣ್ಣವು ಒಳ್ಳೆಯದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬಲ್ ಇಳಿಯುತ್ತದೆ, ಹತ್ತಿರ ಕಟ್ಟಿದರೆ ಕಡಿಮೆ ಪವರ್ ಸಾಕು. 2000ದ ಶಬ್ದಮಾಲಿನ್ಯ ನಿಯಮದಂತೆ ಅಂಗಳದ ಗಡಿಯಲ್ಲಿ ಆ ಪ್ರದೇಶಕ್ಕೆ ನಿಗದಿಯಾದ ಶಬ್ದದ ಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆ ಇರುವುದೇ ಮಿತಿ. ಅದನ್ನು ಪಾಲಿಸುವುದೂ ಹೀಗೆ ಸುಲಭ.

ಮೇ ತಿಂಗಳಲ್ಲಿ ಒಂದು ತಪಾಸಣೆ ಬೇಕು. ಒಂದು ಹಾರ್ನ್ ಮಾತ್ರ ಮಂಕಾಗಿದ್ದರೆ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆಯೇ ಮೊದಲು ನೋಡಿ. ಟ್ರಾನ್ಸ್‌ಫಾರ್ಮರ್ ಬಿಡಿಸಿ ಯೂನಿಟ್ ಅಳೆದರೆ 8 ಓಮ್‌ನದ್ದು ಮೀಟರಿನಲ್ಲಿ 6ರಿಂದ 7 ತೋರಿಸಬೇಕು. ಏನೂ ತೋರಿಸದಿದ್ದರೆ ಡಯಾಫ್ರಾಮ್‌ಗೆ ಅಂಟಿದ ತಂತಿ ಸುರುಳಿ, ಅಂದರೆ ಕಾಯಿಲ್, ಕಡಿದಿದೆ. ಹೊಸ ಡಯಾಫ್ರಾಮ್ ಕೂರಿಸುವ ಮುಂಚೆ ಮಡಚಿದ ಸೆಲ್ಲೋಟೇಪನ್ನು ಅಯಸ್ಕಾಂತದ ಸಂದಿನಲ್ಲಿ ಸುತ್ತ ಆಡಿಸಿ ಕಬ್ಬಿಣದ ಪುಡಿ ತೆಗೆಯಿರಿ. ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೆಲ್ಲನೆಯ ಧ್ವನಿಯಲ್ಲಿ 400 ಹರ್ಟ್ಸ್‌ನಿಂದ ಮೇಲಕ್ಕೆ ಟೋನ್ ಏರಿಸುವಾಗ ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಸಡಿಲಿಸಿ ಮತ್ತೆ ಕೂರಿಸಿ.