ಒಂದು ದೇಶದ ಕರೆಂಟನ್ನು ಬೇರೆ ಜಾಲಕ್ಕೆ ಸೇರಿಸುವುದು ಹೇಗೆ?

ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ 2004ರಲ್ಲೇ ಯುರೋಪ್ ಒಕ್ಕೂಟಕ್ಕೆ ಸೇರಿದವು. ಆದರೂ ಈ ಮೂರು ದೇಶಗಳ ಕರೆಂಟಿನ ಲಗಾಮು 2025ರ ಫೆಬ್ರವರಿವರೆಗೂ ಮಾಸ್ಕೋದ ಕಂಟ್ರೋಲ್ ರೂಮಿನಲ್ಲಿತ್ತು ಅಂದರೆ ನಂಬುವುದು ಕಷ್ಟ, ಅಲ್ವಾ? ಜೇಬಿನಲ್ಲಿರುವ ದುಡ್ಡು ಯೂರೋ. ಸೇನೆ ನೇಟೋ ಜೊತೆ. ಕರೆಂಟ್ ಕೊಳ್ಳುವುದು, ಮಾರುವುದು ಕೂಡ ಯುರೋಪಿನ ಮಾರುಕಟ್ಟೆಯಲ್ಲೇ. ತಂತಿ ಮಾತ್ರ ಸೋವಿಯತ್ ಕಾಲದ ಜಾಲಕ್ಕೆ ಸೇರಿತ್ತು.

ಮೂರೂ ದೇಶ ಸೇರಿದರೆ ಸುಮಾರು 60 ಲಕ್ಷ ಜನ, ಬೆಂಗಳೂರಿಗಿಂತ ಕಡಿಮೆ. ಇಷ್ಟು ಚಿಕ್ಕವರು ಒಂದು ದೈತ್ಯ ಜಾಲದಿಂದ ಹೊರಬಂದು, ಮನೆಗಳ ದೀಪ ಆರದಂತೆ ಇನ್ನೊಂದು ದೈತ್ಯ ಜಾಲಕ್ಕೆ ಸೇರಿಕೊಂಡರು. ಯುರೋಪಿನ ಇಂಧನ ಭದ್ರತೆ ಎಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದೇ ಕಥೆಯನ್ನು. ಅವರು ಅದನ್ನು ಹೇಗೆ ಮಾಡಿದರು ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಮಾರುಕಟ್ಟೆ ಬೇರೆ, ಜಾಲ ಬೇರೆ ಅಂತ ತಿಳಿದುಕೊಳ್ಳಿ

ಹೆಚ್ಚಿನ ಗೊಂದಲ ಇಲ್ಲೇ. ಯುರೋಪಿನಲ್ಲಿ ನಾಳೆಯ ಕರೆಂಟನ್ನು ಇವತ್ತೇ ಹರಾಜು ಹಾಕುತ್ತಾರೆ. ಉತ್ಪಾದಕರು ಎಷ್ಟು ಕರೆಂಟ್, ಯಾವ ದರಕ್ಕೆ ಅಂತ ಮಧ್ಯಾಹ್ನದೊಳಗೆ ಬರೆದು ಕಳಿಸುತ್ತಾರೆ, ಕೊಳ್ಳುವವರೂ ಹಾಗೇ. ಕಂಪ್ಯೂಟರ್ ಅಗ್ಗದ್ದರಿಂದ ಶುರು ಮಾಡಿ ಒಂದೊಂದಾಗಿ ಜೋಡಿಸುತ್ತಾ ಹೋಗುತ್ತದೆ. ಬೇಡಿಕೆ ತುಂಬಲು ಕೊನೆಗೆ ಬೇಕಾದ ಘಟಕದ ದರ ಯಾವುದೋ, ಅದೇ ಎಲ್ಲರಿಗೂ ದರ. ದೇಶಗಳ ನಡುವಿನ ಲೈನಿನಲ್ಲಿ ಜಾಗ ಇದ್ದರೆ ಎರಡೂ ಕಡೆ ಒಂದೇ ದರ, ಲೈನ್ ತುಂಬಿಹೋದರೆ ದರ ಬೇರೆ ಬೇರೆ ಆಗುತ್ತದೆ. ಎಸ್ಟೋನಿಯಾ 2010ರಲ್ಲಿ, ಲಿಥುವೇನಿಯಾ 2012ರಲ್ಲಿ, ಲಾಟ್ವಿಯಾ 2013ರಲ್ಲಿ ನಾರ್ಡ್ ಪೂಲ್ ಎಂಬ ಉತ್ತರ ಯುರೋಪಿನ ಕರೆಂಟ್ ಮಾರುಕಟ್ಟೆಗೆ ಬಂದವು.

ಇದು ಲೆಕ್ಕದ ಪುಸ್ತಕದ ಮಾತು. ತಂತಿಯ ಮಾತು ಬೇರೆ.

ಒಂದು ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ಒಂದೇ ಲಯದಲ್ಲಿ ತಿರುಗಬೇಕು. ಯುರೋಪಿನಲ್ಲೂ, ರಷ್ಯಾದಲ್ಲೂ, ನಮ್ಮಲ್ಲೂ ಅದು ಸೆಕೆಂಡಿಗೆ 50 ಸಲ, ಅಂದರೆ 50 ಹರ್ಟ್ಜ್. ಲೋಡ್ ಜಾಸ್ತಿಯಾಗಿ ಉತ್ಪಾದನೆ ಕಡಿಮೆಯಾದರೆ ಯಂತ್ರಗಳು ನಿಧಾನವಾಗುತ್ತವೆ, ಫ್ರೀಕ್ವೆನ್ಸಿ ಇಳಿಯುತ್ತದೆ. ತೀರಾ ಇಳಿದರೆ ಒಂದೊಂದೇ ಘಟಕ ತನ್ನನ್ನು ಉಳಿಸಿಕೊಳ್ಳಲು ಟ್ರಿಪ್ ಆಗಿ, ಊರಿಗೆ ಊರೇ ಕತ್ತಲಾಗುತ್ತದೆ. ಊರಿನ ತೇರು ಎಳೆಯುವುದನ್ನು ನೆನಪಿಸಿಕೊಳ್ಳಿ: ಹಗ್ಗಕ್ಕೆ ನೂರಾರು ಜನ ಕೈ ಹಾಕಿದ್ದರೆ ಒಬ್ಬ ಜಾರಿದರೂ ತೇರು ನಿಲ್ಲುವುದಿಲ್ಲ, ಹತ್ತೇ ಜನರಿದ್ದರೆ ನಿಂತುಬಿಡುತ್ತದೆ. ಅದಕ್ಕೇ ಚಿಕ್ಕ ದೇಶಗಳಿಗೆ ದೊಡ್ಡ ಜಾಲ ಬೇಕೇ ಬೇಕು.

ಬಾಲ್ಟಿಕ್ ದೇಶಗಳು, ಅಂದರೆ ಈ ಮೂರೂ, ಇದ್ದದ್ದು ರಷ್ಯಾ ಮತ್ತು ಬೆಲಾರುಸ್ ಜೊತೆಗಿನ ಜಾಲದಲ್ಲಿ. 2001ರಲ್ಲಿ ಐದೂ ದೇಶಗಳ ನಡುವೆ ಬ್ರೆಲ್ ಎಂಬ ಒಪ್ಪಂದ ಆಗಿತ್ತು. ಫ್ರೀಕ್ವೆನ್ಸಿ ಏರಿಳಿತ ಸರಿಪಡಿಸುವ ಕೆಲಸ ಮಾಸ್ಕೋದ್ದು. 2022ರ ಮೇ ತಿಂಗಳಲ್ಲಿ ರಷ್ಯಾದ ಕರೆಂಟ್ ಕೊಳ್ಳುವುದನ್ನೇ ಇವರು ನಿಲ್ಲಿಸಿದರು. ಒಂದು ಯೂನಿಟ್ಟೂ ಕೊಳ್ಳುತ್ತಿಲ್ಲ, ಆದರೂ ಲಯ ಅವರದ್ದೇ! ಅವರು ಇದ್ದಕ್ಕಿದ್ದ ಹಾಗೆ ಕೈಬಿಟ್ಟರೆ ಏನು ಮಾಡುವುದು ಎಂಬ ಭಯದಲ್ಲಿ ಮೂರು ದೇಶ ಬದುಕಬೇಕಾಗಿತ್ತು. ಈ ಭಯ ಹೋಗದೆ ಮಾರುಕಟ್ಟೆ ಸೇರಿದ್ದು ಪೂರ್ತಿ ಆಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಹೆಜ್ಜೆ 2: ಹಳೆಯದನ್ನು ಕಡಿಯುವ ಮೊದಲು ಹೊಸ ಕಡೆಗೆ ತಂತಿ ಎಳೆಯಿರಿ

ಲಿಥುವೇನಿಯಾದಲ್ಲಿ ಇಗ್ನಾಲಿನಾ ಎಂಬ ಅಣು ವಿದ್ಯುತ್ ಸ್ಥಾವರ ಇತ್ತು. ಚೆರ್ನೋಬಿಲ್ ಮಾದರಿಯ ರಿಯಾಕ್ಟರುಗಳು. ಒಕ್ಕೂಟಕ್ಕೆ ಸೇರಬೇಕಾದರೆ ಅದನ್ನು ಮುಚ್ಚಬೇಕು ಎಂಬ ಷರತ್ತು ಬಂತು. 2004ರ ಕೊನೆಗೆ ಒಂದು ಘಟಕ ನಿಂತಿತು, 2009ರ ಕೊನೆಗೆ ಇನ್ನೊಂದು. ಹೊರಗೆ ಕರೆಂಟ್ ಮಾರುತ್ತಿದ್ದ ದೇಶ ರಾತ್ರೋರಾತ್ರಿ ಕೊಳ್ಳುವ ದೇಶವಾಯಿತು. ಕೊಳ್ಳುವುದು ಯಾರಿಂದ? ತಂತಿ ಇದ್ದದ್ದು ಹೆಚ್ಚಾಗಿ ಪೂರ್ವಕ್ಕೆ.

ಹಾಗಾಗಿ ಪಶ್ಚಿಮಕ್ಕೆ ತಂತಿ ಎಳೆಯುವ ಕೆಲಸ ಶುರುವಾಯಿತು. ಎಸ್ಟೋನಿಯಾದಿಂದ ಫಿನ್ಲೆಂಡಿಗೆ ಸಮುದ್ರದಡಿ ಎಸ್ಟ್‌ಲಿಂಕ್ 1 ಕೇಬಲ್ 2006ರಲ್ಲಿ ಬಂತು, 350 ಮೆಗಾವಾಟ್. ಎಸ್ಟ್‌ಲಿಂಕ್ 2 ಬಂದದ್ದು 2014ರಲ್ಲಿ, 650 ಮೆಗಾವಾಟ್. ಲಿಥುವೇನಿಯಾದಿಂದ ಸ್ವೀಡನ್‌ಗೆ 700 ಮೆಗಾವಾಟಿನ ನಾರ್ಡ್‌ಬಾಲ್ಟ್. ಪೋಲೆಂಡಿಗೆ ನೆಲದ ಮೇಲೆ ಲಿಟ್‌ಪೋಲ್ ಲಿಂಕ್, 2015ರ ಡಿಸೆಂಬರಿನಲ್ಲಿ, 500 ಮೆಗಾವಾಟ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಕೊಂಡಿಗಳೆಲ್ಲ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನವು; ಮನೆಗೆ ಬರುವ, ಲಯ ಇರುವ ಕರೆಂಟ್ ಎಸಿ. ಡಿಸಿ ಕೊಂಡಿಯಲ್ಲಿ ಕರೆಂಟ್ ದಾಟುತ್ತದೆ, ಲಯ ದಾಟುವುದಿಲ್ಲ. ಇದು ನಮಗೆ ಹೊಸದೇನಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಜಾಲ ಕುಸಿದು ಕೋಟಿಗಟ್ಟಲೆ ಜನ ಕತ್ತಲಲ್ಲಿ ಕೂತರು, ಆದರೆ ಕರ್ನಾಟಕದಲ್ಲಿ ದೀಪ ಉರಿಯುತ್ತಿತ್ತು. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಡಿಸಿ ಕೊಂಡಿಗಳಿಂದ ಮಾತ್ರ ಸೇರಿತ್ತು, ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಲೈನ್ ಅಂಥದ್ದೇ. ಆ ಕಡೆಯ ಕುಸಿತ ಈ ಕಡೆ ಬರಲಿಲ್ಲ. ಆದರೆ ಇದೇ ಕಾರಣಕ್ಕೆ ಆ ಕಡೆಯ ಬಲವೂ ತಾನಾಗಿ ನಮಗೆ ಸಿಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಎಸಿ ಲೈನ್ ಚಾಲೂ ಆದ ಮೇಲೆಯೇ ನಾವು ಒಂದೇ ಲಯಕ್ಕೆ ಬಂದದ್ದು. ಬಾಲ್ಟಿಕ್ ದೇಶಗಳಿಗೂ ಬೇಕಾಗಿದ್ದು ಅವರದೇ ಒಂದು ರಾಯಚೂರು ಲೈನ್.

ಅದು ಲಿಟ್‌ಪೋಲ್ ಲಿಂಕ್. ಲಿಥುವೇನಿಯಾದ ಅಲಿಟುಸ್‌ನಲ್ಲಿ ಎಸಿಯನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡುವ ಪರಿವರ್ತನಾ ಕೇಂದ್ರ ಇತ್ತು. ಅದನ್ನು ಬಳಸದೆ ನೇರವಾಗಿ ಎಸಿಯಲ್ಲೇ ದಾಟಿಸಲು ಬೇಕಾದ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು 2021ರ ಹೊತ್ತಿಗೆ ಅಲ್ಲಿ ಕೂರಿಸಿದರು.

ಹೆಜ್ಜೆ 3: ಎಲ್ಲರನ್ನೂ ಒಂದು ತಾರೀಕಿಗೆ ಒಪ್ಪಿಸಿ

2018ರ ಜೂನ್‌ನಲ್ಲಿ ಮೂರು ದೇಶಗಳ ಜೊತೆ ಪೋಲೆಂಡ್ ಮತ್ತು ಯುರೋಪ್ ಒಕ್ಕೂಟ ಸೇರಿ ಮಾರ್ಗಸೂಚಿಗೆ ಸಹಿ ಹಾಕಿದವು. ಗುರಿ 2025ರ ಕೊನೆ. ಯುಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ಲಿಥುವೇನಿಯಾ ಬೇಗ ಹೋಗೋಣ ಅಂತ ಹಟ ಹಿಡಿಯಿತು, ಎಸ್ಟೋನಿಯಾ ಸಿದ್ಧತೆ ಮುಗಿಯಲಿ ಅಂತು. ಇಬ್ಬರ ಮಾತಲ್ಲೂ ನ್ಯಾಯ ಇತ್ತು. 2023ರ ಆಗಸ್ಟಿನಲ್ಲಿ ಮೂವರೂ ಪ್ರಧಾನಿಗಳು ಕೂತು 2025ರ ಫೆಬ್ರವರಿ ಅಂತ ತೀರ್ಮಾನ ಮಾಡಿದರು.

ಖರ್ಚು ಒಟ್ಟು ಸುಮಾರು 160 ಕೋಟಿ ಯೂರೋ. ಅದರಲ್ಲಿ ಮುಕ್ಕಾಲು ಪಾಲು ಒಕ್ಕೂಟದ ಅನುದಾನ. ನನಗೆ ಇಷ್ಟವಾದ ವಿಷಯ ಇದು. ಸ್ಪೇನ್, ಜರ್ಮನಿ, ಫ್ರಾನ್ಸಿನ ತೆರಿಗೆದಾರರ ದುಡ್ಡು ಬಾಲ್ಟಿಕ್ ತೀರದ ಸಬ್‌ಸ್ಟೇಷನ್ನಿಗೆ ಹೋಯಿತು. ಬಡ ನೆರೆಯವನ ತಂತಿಗೆ ದುಡ್ಡು ಹಾಕಲು ತಯಾರಿಲ್ಲದಿದ್ದರೆ ಜಂಟಿ ಮಾರುಕಟ್ಟೆ ಅನ್ನುವ ಮಾತನ್ನೇ ಆಡಬಾರದು.

ಹೆಜ್ಜೆ 4: ಸುಮ್ನೆ ತಿರುಗುವ ಯಂತ್ರಗಳನ್ನು ಕೂರಿಸಿ

ಓದುಗರಿಗೆ ವಿಚಿತ್ರ ಅನ್ನಿಸಬಹುದು. ಈ ಯೋಜನೆಯಲ್ಲಿ ದೊಡ್ಡ ಖರ್ಚು ಬಿದ್ದದ್ದರಲ್ಲಿ ಒಂದು, ಕರೆಂಟನ್ನೇ ತಯಾರಿಸದ ಯಂತ್ರಗಳಿಗೆ. ಹೆಸರು ಸಿಂಕ್ರೋನಸ್ ಕಂಡೆನ್ಸರ್. ನೂರಾರು ಟನ್ ತೂಕದ ಯಂತ್ರ ಜಾಲದ ಲಯದಲ್ಲೇ ತಿರುಗುತ್ತಾ ಇರುತ್ತದೆ. ಎಲ್ಲೋ ಒಂದು ಘಟಕ ಟ್ರಿಪ್ ಆದಾಗ ಆ ತಿರುಗುವ ತೂಕದಲ್ಲಿರುವ ಶಕ್ತಿ ತಕ್ಷಣ ಜಾಲಕ್ಕೆ ಇಳಿದು ಫ್ರೀಕ್ವೆನ್ಸಿ ಧಡಕ್ಕನೆ ಬೀಳದಂತೆ ತಡೆಯುತ್ತದೆ, ಅಷ್ಟರಲ್ಲಿ ಬೇರೆ ಘಟಕಗಳು ಉತ್ಪಾದನೆ ಏರಿಸಿಕೊಳ್ಳುತ್ತವೆ. ಹಿಂದೆ ಈ ಕೆಲಸವನ್ನು ಉಷ್ಣ ಸ್ಥಾವರಗಳ ಭಾರೀ ಟರ್ಬೈನುಗಳು ತಾವಾಗೇ ಮಾಡುತ್ತಿದ್ದವು. ಸೋಲಾರಿಗೆ ತಿರುಗುವ ತೂಕವೇ ಇಲ್ಲ. ಗಾಳಿಯಂತ್ರ ತಿರುಗಿದರೂ ಅದರ ಕರೆಂಟ್ ಇಲೆಕ್ಟ್ರಾನಿಕ್ಸ್ ಮೂಲಕ ಬರುವುದರಿಂದ ಆ ತೂಕ ಜಾಲಕ್ಕೆ ನೇರವಾಗಿ ಸಿಗುವುದಿಲ್ಲ.

ಒಂದೊಂದು ದೇಶಕ್ಕೆ ಮೂರರಂತೆ ಒಟ್ಟು ಒಂಬತ್ತು ಕೂರಿಸುವುದು ಯೋಜನೆ. ಇದರ ಜೊತೆಗೆ ಲಿಥುವೇನಿಯಾ ನಾಲ್ಕು ಜಾಗಗಳಲ್ಲಿ ತಲಾ 50 ಮೆಗಾವಾಟಿನ ಬ್ಯಾಟರಿಗಳನ್ನು ಇಟ್ಟಿತು. ಕ್ರುವೊನಿಸ್‌ನಲ್ಲಿ ಸೋವಿಯತ್ ಕಾಲದಲ್ಲಿ ಕಟ್ಟಲು ಶುರು ಮಾಡಿ 1992ರಿಂದ ಚಾಲೂ ಆದ 900 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಘಟಕ ಮೊದಲೇ ಇತ್ತು. ಕರೆಂಟ್ ಜಾಸ್ತಿ ಇದ್ದಾಗ ನೀರನ್ನು ಮೇಲೆತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಅದು ಈಗ ಬಹಳ ಉಪಯೋಗಕ್ಕೆ ಬಂತು.

ಹೆಜ್ಜೆ 5: ಒಂಟಿಯಾಗಿ ನಿಂತು ನೋಡಿ

ಕಾಗದದ ಲೆಕ್ಕ ಎಷ್ಟು ಸರಿಯಿದ್ದರೂ ಸಾಲದು. 2023ರ ಏಪ್ರಿಲ್ 22ರಂದು ಲಿಥುವೇನಿಯಾ ತನ್ನ ಎಸಿ ಲೈನುಗಳನ್ನೆಲ್ಲ ಬಿಚ್ಚಿ ಕೆಲವು ಗಂಟೆ ಒಂಟಿಯಾಗಿ ನಡೆದು ನೋಡಿತು. ನಡೆಯಿತು.

ಇಂಥ ಪರೀಕ್ಷೆ ಎಷ್ಟು ಮುಖ್ಯ ಅಂತ ಯುಕ್ರೇನ್ ತೋರಿಸಿತ್ತು. ಅವರು ಮುಂಚೆಯೇ ನಿಗದಿ ಮಾಡಿದ್ದ ಒಂಟಿ ಪರೀಕ್ಷೆಗಾಗಿ ರಷ್ಯಾ ಜಾಲದಿಂದ ಬಿಚ್ಚಿಕೊಂಡದ್ದು 2022ರ ಫೆಬ್ರವರಿ 24ರಂದು. ಅದೇ ಬೆಳಗಿನ ಜಾವ ದಾಳಿ ಶುರುವಾಯಿತು. ಮೂರು ದಿನದ ಪರೀಕ್ಷೆ ಮುಗಿಸಿ ಹಿಂದೆ ಹೋಗುವ ಮಾತೇ ಉಳಿಯಲಿಲ್ಲ. ಬಾಂಬ್ ಬೀಳುತ್ತಿದ್ದಾಗ ಅಲ್ಲಿನ ಎಂಜಿನಿಯರುಗಳು ಇಡೀ ದೇಶದ ಫ್ರೀಕ್ವೆನ್ಸಿಯನ್ನು ಮೊಲ್ಡೊವಾ ಜೊತೆಗೂಡಿ ಹಿಡಿದುಕೊಂಡರು, ಮಾರ್ಚ್ 16ರಂದು ಯುರೋಪ್ ಜಾಲ ಅವರನ್ನು ತುರ್ತಾಗಿ ಸೇರಿಸಿಕೊಂಡಿತು. ಆ ಜನರ ಕೆಲಸವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೆಜ್ಜೆ 6: ಬಿಚ್ಚಿ, ಕಾದು, ಸೇರಿ

ಬ್ರೆಲ್ ಒಪ್ಪಂದ ಬಿಡುತ್ತೇವೆ ಅಂತ 2024ರ ಜುಲೈನಲ್ಲೇ ನೋಟಿಸ್ ಕೊಟ್ಟಾಗಿತ್ತು. ಕದ್ದು ಮುಚ್ಚಿ ಮಾಡಿದ ಕೆಲಸ ಅಲ್ಲ. 2025ರ ಫೆಬ್ರವರಿ 8, ಶನಿವಾರ ಬೆಳಿಗ್ಗೆ ಒಂದೊಂದೇ ಲೈನ್ ಬಿಚ್ಚುತ್ತಾ ಬಂದರು. ಒಂಬತ್ತು ಗಂಟೆ ದಾಟುವಷ್ಟರಲ್ಲಿ ಕೊನೆಯ ಕೊಂಡಿಯೂ ಹೋಯಿತು. ಲಾಟ್ವಿಯಾದಲ್ಲಿ ರಷ್ಯಾ ಗಡಿಯ ಹತ್ತಿರ ಒಂದು ಲೈನಿನ ತಂತಿಯನ್ನು ಕತ್ತರಿಸಿಯೇ ಹಾಕಿದರು.

ಆಮೇಲೆ ಒಂದು ದಿನಕ್ಕೂ ಜಾಸ್ತಿ ಹೊತ್ತು ಮೂರು ದೇಶಗಳೂ ಯಾವ ದೊಡ್ಡ ಜಾಲಕ್ಕೂ ಸೇರದೆ ತಮ್ಮದೇ ಲಯದಲ್ಲಿ ನಡೆದವು. ಎಸ್ಟೋನಿಯಾದಲ್ಲಿ ಕೆಲವರು ಮುಂಚೆಯೇ ಮನೆಗೆ ಜನರೇಟರ್ ತಂದಿಟ್ಟುಕೊಂಡಿದ್ದರು. ಅದು ಬೇಕಾಗಲಿಲ್ಲ.

ಭಾನುವಾರ ಮಧ್ಯಾಹ್ನ ಸೇರಿಸುವ ಕೆಲಸ. ಶರಾವತಿಯಂಥ ಯಾವುದೇ ವಿದ್ಯುದಾಗಾರದಲ್ಲಿ ಕೆಲಸ ಮಾಡಿದವರಿಗೆ ಇದರ ತತ್ವ ಗೊತ್ತಿರುತ್ತದೆ. ಎರಡೂ ಕಡೆಯ ವೋಲ್ಟೇಜ್ ಹೊಂದಬೇಕು, ಫ್ರೀಕ್ವೆನ್ಸಿ ಹೊಂದಬೇಕು, ಅಲೆಯ ಏರು ಇಳಿತ ಒಂದೇ ಕ್ಷಣಕ್ಕೆ ಬರಬೇಕು. ಆ ಕ್ಷಣದಲ್ಲಿ ಬ್ರೇಕರ್ ಎಂಬ ದೊಡ್ಡ ಸ್ವಿಚ್ ಹಾಕಿ ಎರಡೂ ಕಡೆಯನ್ನು ಜೋಡಿಸಬೇಕು. ವಿದ್ಯುದಾಗಾರದಲ್ಲಿ ಒಂದು ಯಂತ್ರಕ್ಕೆ ಮಾಡುವುದನ್ನು ಇಲ್ಲಿ ಮೂರು ದೇಶಗಳಿಗೆ ಒಟ್ಟಿಗೆ ಮಾಡಿದರು. ಅಲ್ಲಿನ ಸಮಯ ಮಧ್ಯಾಹ್ನ 2 ಗಂಟೆ 5 ನಿಮಿಷಕ್ಕೆ ಲಿಟ್‌ಪೋಲ್ ಲೈನಿನ ಮೂಲಕ ಬಾಲ್ಟಿಕ್ ಜಾಲ ಯುರೋಪ್ ಜಾಲದ ಲಯಕ್ಕೆ ಬಂತು.

ಹೆಜ್ಜೆ 7: ಸೇರಿದ ಮೇಲಿನ ಖರ್ಚನ್ನು ಜನರಿಗೆ ಮುಚ್ಚಿಡಬೇಡಿ

ಮಾಸ್ಕೋ ಮಾಡುತ್ತಿದ್ದ ಕೆಲಸವನ್ನು ಈಗ ತಾವೇ ಮಾಡಬೇಕು. ಕರೆದ ತಕ್ಷಣ ಉತ್ಪಾದನೆ ಏರಿಸಲು ತಯಾರಿರುವ ಘಟಕಗಳಿಗೆ ಕಾದು ಕೂತಿದ್ದಕ್ಕೂ ದುಡ್ಡು ಕೊಡಬೇಕು. ಅದಕ್ಕಾಗಿ ಮೂರು ದೇಶಗಳು ಸೇರಿ ಅದೇ ಫೆಬ್ರವರಿಯಲ್ಲಿ ಬೇರೆಯೇ ಮಾರುಕಟ್ಟೆ ಶುರು ಮಾಡಿದವು. ಒದಗಿಸುವವರು ಕಡಿಮೆ, ಹಾಗಾಗಿ ಮೊದಮೊದಲು ದರ ವಿಪರೀತ ಏರಿತು. ಹೆಚ್ಚು ಬ್ಯಾಟರಿಗಳು ಬಂದಷ್ಟೂ ಪೈಪೋಟಿ ಹೆಚ್ಚುತ್ತದೆ. ಬಿಲ್ಲಿನಲ್ಲಿ ಸ್ವಲ್ಪ ಹೆಚ್ಚಾಗುತ್ತದೆ ಅಂತ ಮೊದಲೇ ಹೇಳಿದರೆ ಜನ ಒಪ್ಪುತ್ತಾರೆ, ಆಮೇಲೆ ಗೊತ್ತಾದರೆ ಸಿಟ್ಟಾಗುತ್ತಾರೆ.

ಇನ್ನೊಂದು ಚಿಂತೆ ಸಮುದ್ರದಡಿಯ ಕೇಬಲ್. 2024ರ ಕ್ರಿಸ್ಮಸ್ ದಿನ, ಅಂದರೆ ಜಾಲ ಬದಲಿಸಲು ಆರೇಳು ವಾರ ಇದ್ದಾಗ, ಎಸ್ಟ್‌ಲಿಂಕ್ 2 ಹಾಳಾಯಿತು. ಅಲ್ಲಿ ದಾಟಿದ್ದ ಈಗಲ್ ಎಸ್ ಎಂಬ ತೈಲ ಹಡಗನ್ನು ಫಿನ್ಲೆಂಡ್ ತಡೆದು ತನಿಖೆ ಶುರು ಮಾಡಿತು. ಕೇಬಲ್ ಸರಿಯಾಗಿ ಮತ್ತೆ ಕೆಲಸಕ್ಕೆ ಬಂದದ್ದು 2025ರ ಜೂನ್‌ನಲ್ಲಿ. 650 ಮೆಗಾವಾಟ್ ಕೈತಪ್ಪಿದಾಗ ಫಿನ್ಲೆಂಡಿನ ಅಗ್ಗದ ಕರೆಂಟ್ ಈ ಕಡೆ ಬರುವುದು ಕಡಿಮೆಯಾಗುತ್ತದೆ, ಲೈನ್ ತುಂಬಿದರೆ ದರ ಬೇರೆಯಾಗುತ್ತದೆ ಅಂತ ಮೊದಲ ಹೆಜ್ಜೆಯಲ್ಲಿ ಹೇಳಿದ್ದು ಇದನ್ನೇ. ಈಗ ನೇಟೋ ಹಡಗುಗಳು ಬಾಲ್ಟಿಕ್ ಸಮುದ್ರದಲ್ಲಿ ಇಂಥ ಕೇಬಲ್‌ಗಳ ಮೇಲೆ ಕಣ್ಣಿಟ್ಟಿವೆ.

ಪೋಲೆಂಡಿನ ಕಡೆಗೆ ಲಯ ಕೂಡಿಸುವ ದಾರಿ ಸದ್ಯಕ್ಕೆ ಆ ಒಂದೇ ಲಿಟ್‌ಪೋಲ್ ಲೈನ್. ಅದರ ಹೆಚ್ಚಿನ ಪಾಲನ್ನು ಆಪತ್ತಿಗೆ ಅಂತ ಕಾದಿಟ್ಟಿರುವುದರಿಂದ ಕೊಳ್ಳಲು ಮಾರಲು ಸಿಗುವ ಜಾಗ ಕಡಿಮೆ. ಎರಡನೆಯ ಕೊಂಡಿಗೆ ಹಾರ್ಮನಿ ಲಿಂಕ್ ಎಂದು ಹೆಸರಿಟ್ಟಿದ್ದಾರೆ. ಮೊದಲು ಅದನ್ನು ಸಮುದ್ರದಡಿ ಎಳೆಯುವ ಯೋಚನೆ ಇತ್ತು, ಖರ್ಚು ಏರಿದ್ದರಿಂದ ನೆಲದ ಮೇಲೆಯೇ ಎಳೆಯಲು ತೀರ್ಮಾನಿಸಿದರು. 2030ರ ಹೊತ್ತಿಗೆ ಮುಗಿಸಬೇಕು ಎಂಬುದು ಗುರಿ.