ಮಾರುವ ಮುನ್ನ ಮಾತು: ಕೈಮಗ್ಗದ ಸೀರೆಯ ಪುಟಕ್ಕೆ ಬಂದವರನ್ನು ಉಳಿಸಿಕೊಳ್ಳುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆ ಅಂಗಡಿಯ ಹೊಸ್ತಿಲು ದಾಟಿದವರಿಗೆ ಮೊದಲು ಕೇಳುವ ಮಾತು ‘ಬರ್ರಿ ಅಕ್ಕಾರ, ಕುಂದರ್ರಿ’ ಎಂಬುದು. ಗಾದಿಯ ಮೇಲೆ ಕುಳಿತ ಮೇಲೆ ಕುಡಿಯಲು ನೀರು ಬರುತ್ತದೆ, ಯಾವ ಊರು, ಯಾರ ಮದುವೆ ಎಂಬ ವಿಚಾರಣೆ ನಡೆಯುತ್ತದೆ, ಒಂದೊಂದೇ ಸೀರೆಯ ಮಡಿಕೆ ಬಿಚ್ಚಿ ಸೆರಗು ಹಾಸಲಾಗುತ್ತದೆ; ಬೆಲೆಯ ಮಾತು ಬರುವುದು ಇದೆಲ್ಲ ಆದ ಬಳಿಕ. ಅದೇ ಅಂಗಡಿಯವರು ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ ತೆರೆದರೆಂದರೆ ಈ ರೀತಿನೀತಿಯೆಲ್ಲ ಮರೆತುಹೋಗಿ, ‘ಹೊಸ ಸ್ಟಾಕ್ ಬಂದಿದೆ’, ‘ಶೇ 20 ರಿಯಾಯಿತಿ’, ‘ಇಂದೇ ಕೊನೆಯ ದಿನ’ ಎಂಬ ಕೂಗು ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತದೆ. ಪುಟ ಹಿಂಬಾಲಿಸುವವರ ಸಂಖ್ಯೆ ಸಾವಿರಗಳಲ್ಲಿದ್ದರೂ ಪೋಸ್ಟಿನ ಕೆಳಗೆ ಒಂದು ಮಾತೂ ಇರುವುದಿಲ್ಲ.

ಇದಕ್ಕೆ ಜನರ ಬೇಸರವೊಂದೇ ಕಾರಣವಲ್ಲ. ಬರಿಯ ಪ್ರಚಾರವನ್ನೇ ಹೊತ್ತ ಪುಟಗಳ ಪೋಸ್ಟುಗಳು ಜನರ ಕಣ್ಣಿಗೆ ಬೀಳುವುದನ್ನು 2015ರ ಜನವರಿಯಿಂದ ಕಡಿಮೆ ಮಾಡುವುದಾಗಿ ಇನ್‌ಸ್ಟಾಗ್ರಾಂನ ಸೋದರ ಜಾಲತಾಣವಾದ ಫೇಸ್‌ಬುಕ್ 2014ರಲ್ಲಿಯೇ ಪ್ರಕಟಿಸಿತ್ತು. 2018ರ ಜನವರಿಯಲ್ಲಿ, ಸ್ನೇಹಿತರು ಮತ್ತು ಕುಟುಂಬದವರ ನಡುವೆ ಮಾತುಕತೆ ಹುಟ್ಟಿಸುವ ಪೋಸ್ಟುಗಳಿಗೆ ಆದ್ಯತೆ ಕೊಡುವುದಾಗಿ ಹೇಳಿತು. ಅಂದರೆ, ಹೆಚ್ಚು ಕೂಗಿದಷ್ಟೂ ಹೆಚ್ಚು ಜನರಿಗೆ ಕೇಳಿಸುತ್ತದೆ ಎಂಬ ಸಂತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂಗಡಿಯ ಗಾದಿಯ ಮೇಲೆ ನಡೆಯುವ ಮಾತನ್ನೇ ಪುಟಕ್ಕೂ ತರುವುದು ಹೇಗೆ ಎಂಬುದನ್ನು ಇಳಕಲ್ ಸೀರೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಜೋನಿ ಬೆಲ್ಲ, ಮಣ್ಣಿನ ಮಡಕೆ, ಮನೆಯ ಹಪ್ಪಳ, ಏನನ್ನೇ ಮಾರುವವರೂ ಇದನ್ನು ತಮ್ಮ ಸರಕಿಗೆ ಹೊಂದಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಎಣಿಸಿ ನೋಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಪುಟದ ಕೊನೆಯ ಮೂವತ್ತು ಪೋಸ್ಟುಗಳನ್ನು ಒಂದೊಂದಾಗಿ ತೆರೆಯಿರಿ. ‘ಕೊಳ್ಳಿ’ ಎಂದು ಹೇಳುವವು ಎಷ್ಟು, ಏನನ್ನಾದರೂ ತಿಳಿಸುವವು ಅಥವಾ ತೋರಿಸುವವು ಎಷ್ಟು, ಏನನ್ನಾದರೂ ಕೇಳುವವು ಎಷ್ಟು ಎಂದು ಮೂರು ಸಾಲಿನಲ್ಲಿ ಗೀಟು ಹಾಕುತ್ತ ಹೋಗಿ. ಪರಿಚಯದ ನೇಕಾರರ ಮನೆಯೊಂದರ ಪುಟವನ್ನು ಹೀಗೆ ಅವರೊಂದಿಗೇ ಕುಳಿತು ಎಣಿಸಿದಾಗ ಮೂವತ್ತರಲ್ಲಿ ಇಪ್ಪತ್ತೇಳು ಮೊದಲ ಸಾಲಿಗೆ ಸೇರಿದವು, ಉಳಿದ ಮೂರು ಹಬ್ಬದ ಶುಭಾಶಯಗಳಾಗಿದ್ದವು. ಮೂರನೆಯ ಸಾಲು ಖಾಲಿಯಿತ್ತು. ಆ ಮನೆಯ ಹಿರಿಯರು ಪುಟವನ್ನು ಒಮ್ಮೆ ನೋಡಿ, ‘ನಾವು ಯಾರನ್ನೂ ಏನೂ ಕೇಳೇ ಇಲ್ಲಲ್ಲ’ ಎಂದರು. ಎಣಿಕೆಯಿಂದ ಆಗಬೇಕಾದ ಕೆಲಸ ಇಷ್ಟೇ.

ಎರಡನೆಯ ಹೆಜ್ಜೆ: ಬಂದವರ ಪ್ರಶ್ನೆಗಳನ್ನು ಬರೆದಿಡಿ

ಏನು ಹಾಕಬೇಕೆಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹಾಕಬೇಕಾದದ್ದನ್ನು ಗಿರಾಕಿಗಳು ಈಗಾಗಲೇ ಹೇಳಿರುತ್ತಾರೆ. ಡಿಎಂ (ಇನ್‌ಸ್ಟಾಗ್ರಾಂನ ಖಾಸಗಿ ಸಂದೇಶ), ವಾಟ್ಸ್‌ಆ್ಯಪ್ ಮತ್ತು ಅಂಗಡಿಯ ಗಾದಿ ಈ ಮೂರು ಕಡೆ ಹದಿನೈದು ದಿನ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಿ. ಇದು ಕೈಮಗ್ಗದ್ದೋ ಪವರ್‌ಲೂಮಿನದೋ? ಒಂಬತ್ತು ಗಜದ್ದು ಸಿಗುತ್ತದೆಯೇ? ಬಣ್ಣ ಬಿಡುತ್ತದೆಯೇ? ಸೆರಗು ಯಾವಾಗಲೂ ಕೆಂಪೇ ಏಕೆ? ಗುಳೇದಗುಡ್ಡದ ರವಿಕೆ ಖಣದಲ್ಲಿ ಯಾವ ಬಣ್ಣ ಇದಕ್ಕೆ ಒಪ್ಪುತ್ತದೆ? ಒಂದೊಂದು ಪ್ರಶ್ನೆಯೂ ಒಂದೊಂದು ಪೋಸ್ಟ್. ಒಬ್ಬರು ಬಾಯಿಬಿಟ್ಟು ಕೇಳಿದ್ದನ್ನು ಹತ್ತಾರು ಜನ ಮನಸ್ಸಿನಲ್ಲಿಯೇ ಇಟ್ಟುಕೊಂಡಿರುತ್ತಾರೆ ಎಂಬುದು ವ್ಯಾಪಾರ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಮೂರನೆಯ ಹೆಜ್ಜೆ: ಒಂದೇ ಸಂಗತಿಯನ್ನು ಹತ್ತಿರದಿಂದ ತೋರಿಸಿ

ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ, ಹೆಚ್ಚು ಫಲ ಸಿಗುವುದೂ ಇಲ್ಲಿಯೇ. ಇಡೀ ಸೀರೆಯನ್ನು ಗೊಂಬೆಗೆ ಉಡಿಸಿ ತೆಗೆದ ಫೋಟೊ ಎಲ್ಲ ಪುಟಗಳಲ್ಲಿಯೂ ಇದೆ. ನಿಮ್ಮ ಮನೆಯಲ್ಲಿ ಮಾತ್ರ ಇರುವುದು ಮಗ್ಗ.

ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು), ಸೆರಗಿಗೆ ಇನ್ನೊಂದು ಹಾಸು. ಒಡಲಿನದು ಹತ್ತಿಯದಾಗಿದ್ದು ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆಯದಾಗಿರಬಹುದು. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಲಾಗುತ್ತದೆ. ಹೀಗಾಗಿ ಪ್ರತಿಯೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಉಡುವವರು ಸೆರಗಿನ ಕೆಂಪನ್ನೂ ಅದರ ಮೇಲಿನ ಬಿಳಿಯ ತೋಪು ತೆನೆ ವಿನ್ಯಾಸವನ್ನೂ ನೋಡುತ್ತಾರೆಯೇ ಹೊರತು, ಕೊಂಡಿಗಳ ಆ ಒಂದು ಗೆರೆಯ ಮೇಲೆ ಬೆರಳಾಡಿಸಿ ನೋಡಿದವರು ವಿರಳ. ಆ ಗೆರೆಗೆ ಫೋನಿನ ಕ್ಯಾಮೆರಾ ಹಿಡಿದು, ಎಳೆ ಕೂಡಿಸುವ ಕೈಯನ್ನು ನಲವತ್ತು ಸೆಕೆಂಡು ಬಿಡದೆ ತೋರಿಸಿ. ಕಿಟಕಿಯ ಬೆಳಕು ಸಾಕು. ಕೈಯ ಮುಂದೆ ಫೋನನ್ನು ಅಲುಗಾಡದಂತೆ ಇಡಲು ಎರಡು ನೂಲಿನ ಉಂಡೆಗಳಿದ್ದರಾಯಿತು, ಸ್ಟ್ಯಾಂಡ್ ಬೇಕೆಂದೇನಿಲ್ಲ.

ಧ್ವನಿಯ ವಿಷಯದಲ್ಲಿ ಒಂದು ಮಾತು. ರೀಲ್ಸ್ ಎಂದ ಕೂಡಲೇ ಸಿನಿಮಾ ಹಾಡು ಹಾಕುವ ಅಭ್ಯಾಸ ಎಲ್ಲೆಡೆ ಇದೆ. ವ್ಯಾಪಾರದ ಖಾತೆಗಳಿಗೆ ಇನ್‌ಸ್ಟಾಗ್ರಾಂನಲ್ಲಿ ಬಳಸಲು ಸಿಗುವ ಹಾಡುಗಳು ಸೀಮಿತ. ಹಕ್ಕಿನ ತೊಡಕಿನಿಂದ ವಿಡಿಯೊದ ಧ್ವನಿಯೇ ಹೋಗುವುದೂ ಉಂಟು. ಅದಕ್ಕಿಂತ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದು, ನಡುವೆ ನೇಕಾರರೇ ತಮ್ಮ ಊರಿನ ಮಾತಿನಲ್ಲಿ ಹೇಳುವ ಎರಡು ವಾಕ್ಯ ಇದ್ದರೆ ಆ ವಿಡಿಯೊವನ್ನು ಜನ ಕೊನೆಯವರೆಗೂ ನೋಡುತ್ತಾರೆ. ಮುಂಬೈ, ಪುಣೆಗಳಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಮನೆಗಳಲ್ಲಿ ಆ ಮಾತು ಕಿವಿಗೆ ಬಿದ್ದರೆ ಅದೊಂದೇ ಅವರನ್ನು ನಿಲ್ಲಿಸುತ್ತದೆ. ಮಾತನ್ನು ‘ಶುದ್ಧ’ಗೊಳಿಸಲು ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಂಥ ಪೋಸ್ಟಿನ ಕೊನೆಯಲ್ಲಿ ‘ಕೊಳ್ಳಲು ಸಂಪರ್ಕಿಸಿ’ ಎಂದು ಸೇರಿಸುವ ಆಸೆಯಾಗುತ್ತದೆ. ಸೇರಿಸಬೇಡಿ. ಕೊಳ್ಳಬೇಕೆನಿಸಿದವರಿಗೆ ನಿಮ್ಮನ್ನು ಹುಡುಕುವುದು ಗೊತ್ತಿದೆ.

ನಾಲ್ಕನೆಯ ಹೆಜ್ಜೆ: ಉತ್ತರಿಸಲು ಬರುವ ಪ್ರಶ್ನೆ ಕೇಳಿ

‘ಇಷ್ಟವಾದರೆ ಲೈಕ್ ಮಾಡಿ, ಮೂವರು ಗೆಳತಿಯರನ್ನು ಟ್ಯಾಗ್ ಮಾಡಿ’ ಎಂಬುದು ಪ್ರಶ್ನೆಯಲ್ಲ, ಬೇಡಿಕೆ. ಹೀಗೆ ಬೇಡುವ ಪೋಸ್ಟುಗಳನ್ನು ಹಿಂದಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2017ರ ಡಿಸೆಂಬರಿನಲ್ಲಿಯೇ ಹೇಳಿದೆ. ‘ನಮ್ಮ ಸೀರೆ ನಿಮಗೇಕೆ ಇಷ್ಟ?’ ಎಂಬುದೂ ಕೆಲಸಕ್ಕೆ ಬಾರದು; ಅದು ಹೊಗಳಿಕೆಯನ್ನು ಕೇಳಿ ಪಡೆದಂತೆ.

ಓದುವವರಿಗೆ ತಮ್ಮ ಮನೆಯ ಒಂದು ಸಂಗತಿ ನೆನಪಾಗುವಂತೆ ಕೇಳಬೇಕು. ‘ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಸೀರೆಯ ದಡಿ (ಅಂಚು) ಯಾವುದು? ಚಿಕ್ಕಿ ಪರಾಸವೋ, ಗೋಮಿಯೋ, ಗಾಡಿಯೋ?’ ಎಂದು ಮೂರೂ ದಡಿಗಳ ಫೋಟೊ ಹಾಕಿ ಕೇಳಿ. ದಡಿಯ ಹೆಸರು ಗೊತ್ತಿಲ್ಲದವರು ಫೋಟೊ ನೋಡಿ ಗುರುತಿಸುತ್ತಾರೆ, ಗುರುತಿಸಿದವರು ಪೆಟ್ಟಿಗೆ ತೆಗೆಯುತ್ತಾರೆ. ಆ ಸೀರೆಯನ್ನು ಯಾವ ಮದುವೆಗೆ ತಂದದ್ದು, ಹರಿದ ಮೇಲೆ ಅದರಿಂದ ಕೌದಿ ಹೊಲಿದದ್ದು ಯಾರು ಎಂಬುದೆಲ್ಲ ಕಾಮೆಂಟಿಗೆ ಬರುತ್ತದೆ. ಕಸೂತಿಯ ಬಗ್ಗೆಯೂ ಹೀಗೆಯೇ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಫೋಟೊ ಕೊಟ್ಟು ‘ನಿಮಗೆ ಯಾವುದು ಬರುತ್ತದೆ, ಕಲಿಸಿದವರು ಯಾರು?’ ಎಂದು ಕೇಳಬಹುದು. ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಪೋಲ್ ಮತ್ತು ಪ್ರಶ್ನೆಯ ಸ್ಟಿಕ್ಕರುಗಳಿವೆ. ಸ್ಟೋರಿ 24 ಗಂಟೆಗಳಲ್ಲಿ ಮರೆಯಾಗುವುದರಿಂದ ಚಿಕ್ಕ ಪ್ರಶ್ನೆಗಳನ್ನು ಅಲ್ಲಿ ಕೇಳಿ, ನೆನಪುಗಳನ್ನು ಹೊರತರುವ ಪ್ರಶ್ನೆಗಳನ್ನು ಪೋಸ್ಟಿನಲ್ಲಿಯೇ ಕೇಳಿ.

ಯಾರಾದರೂ ಮನೆಯ ಫೋಟೊ ಕಳುಹಿಸಿದರೆ ಅದನ್ನು ನಿಮ್ಮ ಪುಟದಲ್ಲಿ ಹಾಕುವ ಮುನ್ನ ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಫೋಟೊದಲ್ಲಿ ಇನ್ನೊಬ್ಬರಿದ್ದರೆ ಅವರದೂ ಬೇಕು.

ಐದನೆಯ ಹೆಜ್ಜೆ: ಕಾಮೆಂಟಿಗೆ ಮನುಷ್ಯರಂತೆ ಉತ್ತರಿಸಿ

ಬೆಲೆ ಕೇಳಿದವರಿಗೆಲ್ಲ ‘ಡಿಎಂ ನೋಡಿ’ ಎನ್ನುವ ಪದ್ಧತಿ ಬಹಳ ಹಬ್ಬಿದೆ. ಅಂಗಡಿಯಲ್ಲಿ ಬೆಲೆ ಕೇಳಿದವರನ್ನು ಒಳಕೋಣೆಗೆ ಕರೆದು ಕಿವಿಯಲ್ಲಿ ಹೇಳಿದರೆ ಅವರಿಗೆ ಹೇಗನಿಸುತ್ತದೆ ಎಂಬುದನ್ನು ಯೋಚಿಸಿ. ಬೆಲೆಯನ್ನು ಅಲ್ಲಿಯೇ ಬರೆಯಿರಿ. ‘₹ 3,200 ಅಕ್ಕ. ಆರು ಗಜ, ಒಡಲು ಹತ್ತಿ, ಸೆರಗು ಕೃತಕ ರೇಷ್ಮೆ. ಶುದ್ಧ ರೇಷ್ಮೆಯ ಸೆರಗಿನದು ಬೇಕಿದ್ದರೆ ಬೆಲೆ ಬೇರೆ ಆಗುತ್ತದೆ, ಹೇಳುತ್ತೇನೆ’ ಎಂಬ ಉತ್ತರ ಕೇಳಿದವರೊಬ್ಬರಿಗಷ್ಟೇ ಅಲ್ಲ, ಓದಿದ ಎಲ್ಲರಿಗೂ ಸಿಗುತ್ತದೆ. ಸೆರಗು ಕೃತಕ ರೇಷ್ಮೆಯದಾಗಿದ್ದರೆ ಹಾಗೆಂದೇ ಹೇಳಬೇಕು. ಅದನ್ನು ಮುಚ್ಚಿಟ್ಟು ಗಳಿಸಿದ ಗಿರಾಕಿ ಎರಡನೆಯ ಸಲ ಬರುವುದಿಲ್ಲ.

ಪೋಸ್ಟ್ ಹಾಕಿದ ಬಳಿಕ ಮುಕ್ಕಾಲು ಗಂಟೆ ಫೋನಿನ ಬಳಿಯೇ ಇರುವಂತೆ ಸಮಯ ಆರಿಸಿಕೊಳ್ಳಿ. ಮಗ್ಗ ನಡೆಯುವ ಹೊತ್ತಿನಲ್ಲಿ ಪೋಸ್ಟ್ ಹಾಕಿ ರಾತ್ರಿ ಉತ್ತರಿಸುವುದಕ್ಕಿಂತ, ಊಟವಾದ ಮೇಲೆ ಹಾಕಿ ಆಗಲೇ ಉತ್ತರಿಸುವುದು ಮೇಲು. ಕೈಮುಗಿದ ಎಮೋಜಿ ಒಂದನ್ನೇ ಎಲ್ಲರಿಗೂ ಅಂಟಿಸುವುದರಿಂದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ‘ನಮ್ಮವ್ವನ ಸೀರೆ ಕಪ್ಪು ಒಡಲಿನದು’ ಎಂದು ಒಬ್ಬರು ಬರೆದರೆ, ‘ದಡಿ ನೆನಪಿದೆಯೇ? ಈಗಲೂ ಉಡುತ್ತಾರೆಯೇ?’ ಎಂದು ಮರಳಿ ಕೇಳಿ. ವಿಳಾಸ, ಒಗೆಯುವ ಕ್ರಮ, ಅಂಚೆ ವೆಚ್ಚದಂಥ ಪದೇ ಪದೇ ಬರುವ ಪ್ರಶ್ನೆಗಳಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳಬಹುದು, ಅದರಿಂದ ಸಮಯ ಉಳಿಯುತ್ತದೆ.

ದೂರು ಬಂದಾಗ ಅಳಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ‘ಫೋಟೊದಲ್ಲಿ ಇದ್ದ ಹಸಿರೇ ಬೇರೆ, ಬಂದ ಹಸಿರೇ ಬೇರೆ’ ಎಂದು ಒಬ್ಬರು ಬರೆದರೆಂದುಕೊಳ್ಳಿ. ಮೊದಲು ಎಲ್ಲರಿಗೂ ಕಾಣುವಂತೆ ತಪ್ಪನ್ನು ಒಪ್ಪಿ, ವಿಳಾಸ ಮತ್ತು ಹಣದ ಮಾತನ್ನು ಖಾಸಗಿಯಾಗಿ ಮುಗಿಸಿ, ಬಳಿಕ ಮತ್ತೆ ಅದೇ ಕಾಮೆಂಟಿನ ಕೆಳಗೆ ಬಂದು ಏನು ಮಾಡಿದಿರೆಂದು ಒಂದು ಸಾಲು ಬರೆಯಿರಿ. ಆಮೇಲೆ ಬಣ್ಣದ ಫೋಟೊವನ್ನು ಹಗಲು ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆಯುವ ನಿಯಮ ಮಾಡಿಕೊಳ್ಳಿ.

ಆರನೆಯ ಹೆಜ್ಜೆ: ಮಾರಾಟದ ಪೋಸ್ಟಿಗೂ ಜಾಗವಿರಲಿ

ಇಷ್ಟೆಲ್ಲ ಹೇಳಿದ್ದು ಮಾರಬೇಡಿ ಎಂದಲ್ಲ. ನೇಕಾರರ ಮನೆಯ ಒಲೆ ಉರಿಯುವುದು ಮಾರಾಟದಿಂದಲೇ. ಐದು ಪೋಸ್ಟುಗಳಲ್ಲಿ ಒಂದು ಮಾರಾಟದ್ದಿರಲಿ ಎಂಬುದು ನನ್ನ ಅಂದಾಜಿನ ಲೆಕ್ಕ. ಪಂಚಮಿ, ವರಮಹಾಲಕ್ಷ್ಮಿ, ದೀಪಾವಳಿಗಳ ಮುಂಚಿನ ವಾರಗಳಲ್ಲಿ ಎರಡಾದರೂ ಯಾರೂ ಬೇಸರಿಸುವುದಿಲ್ಲ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಅದೇ ದಿನ ಸ್ವದೇಶಿ ಚಳವಳಿ ಆರಂಭವಾದದ್ದರ ನೆನಪಿಗೆ 2015ರಿಂದ ಅದನ್ನು ಆಚರಿಸಲಾಗುತ್ತಿದೆ. ಅಂದು ರಿಯಾಯಿತಿಯ ಬ್ಯಾನರಿಗಿಂತ ಮಗ್ಗದ ಮುಂದೆ ಕುಳಿತವರ ಪರಿಚಯ ಹೆಚ್ಚು ಒಪ್ಪುತ್ತದೆ. ಮಾರಾಟದ ಪೋಸ್ಟ್ ಹಾಕುವಾಗ ಬೆಲೆ, ಅಳತೆ, ನೂಲು, ಅಂಚೆ ವೆಚ್ಚ, ತಲುಪುವ ದಿನ, ಎಷ್ಟು ಸೀರೆಗಳಿವೆ ಎಲ್ಲವನ್ನೂ ಒಮ್ಮೆಲೇ ಹೇಳಿ ಮುಗಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಹೆಚ್ಚಿನ ಸಂಯಮ ಬೇಕು, ಏಕೆಂದರೆ ಅದು ಮನೆಯೊಳಗೆ ಹೋಗಿ ಕದ ತಟ್ಟಿದಂತೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳುಹಿಸುವ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಅವಕಾಶವಿದ್ದರೂ, ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ.

ಏಳನೆಯ ಹೆಜ್ಜೆ: ಸರಿಯಾದದ್ದನ್ನು ಅಳೆಯಿರಿ

ಲೈಕುಗಳ ಸಂಖ್ಯೆಯೊಂದನ್ನೇ ನೋಡುತ್ತ ಕುಳಿತರೆ ದಾರಿ ತಪ್ಪುತ್ತದೆ. ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಆರಂಭದಲ್ಲಿ, ಪೋಸ್ಟ್ ಎಷ್ಟು ಜನರಿಗೆ ತಲುಪುತ್ತದೆ ಎಂಬುದಕ್ಕೆ ನೋಡಿದ ಸಮಯ, ಲೈಕ್ ಮತ್ತು ಇನ್ನೊಬ್ಬರಿಗೆ ಕಳುಹಿಸಿದ್ದು ಈ ಮೂರು ಮುಖ್ಯವೆಂದೂ, ಹೊಸಬರನ್ನು ತಲುಪಲು ಕಳುಹಿಸುವಿಕೆಗೆ ಹೆಚ್ಚಿನ ತೂಕವೆಂದೂ ಹೇಳಿದ್ದರು. ಒಬ್ಬ ಮಗಳು ಆ ಕೊಂಡಿಯ ವಿಡಿಯೊವನ್ನು ತಾಯಿಗೆ ಕಳುಹಿಸಿದಳೇ ಎಂಬುದು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ. ವಾರಕ್ಕೊಮ್ಮೆ ಅದೇ ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆದಿಡಿ: ಯಾವ ಪೋಸ್ಟನ್ನು ಹೆಚ್ಚು ಜನ ಇನ್ನೊಬ್ಬರಿಗೆ ಕಳುಹಿಸಿದರು, ಒಂದು ಪೂರ್ಣ ವಾಕ್ಯಕ್ಕಿಂತ ಉದ್ದದ ಕಾಮೆಂಟುಗಳು ಎಷ್ಟು ಬಂದವು, ಹಿಂದಿನ ವಾರ ಮಾತಾಡಿದವರಲ್ಲಿ ಮತ್ತೆ ಬಂದವರು ಯಾರು. ಮೂರನೆಯದರಲ್ಲಿ ಹೆಸರುಗಳನ್ನೇ ಬರೆಯಿರಿ. ಮುಂದಿನ ಸಲ ಅವರು ಬಂದಾಗ ‘ನಿಮ್ಮವ್ವನ ಕಪ್ಪು ಸೀರೆ ಹೇಗಿದೆ?’ ಎಂದು ಕೇಳಲು ಆ ಪುಟ ಬೇಕಾಗುತ್ತದೆ.

ಎರಡು ಮೂರು ತಿಂಗಳು ಹೀಗೆ ನಡೆದ ಮೇಲೆ ಒಂದು ದಿನ, ‘ಇದನ್ನು ಮನೆಯಲ್ಲಿಯೇ ಒಗೆಯಬಹುದೇ?’ ಎಂದು ಹೊಸಬರೊಬ್ಬರು ಕೇಳಿದ್ದಕ್ಕೆ, ನೀವು ಫೋನ್ ನೋಡುವ ಮೊದಲೇ ಹಳೆಯ ಗಿರಾಕಿಯೊಬ್ಬರು, ‘ಮೊದಲ ಸಲ ಬೇರೆ ಬಟ್ಟೆಯ ಜೊತೆ ಹಾಕಬೇಡಿ, ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ’ ಎಂದು ಉತ್ತರಿಸಿರುತ್ತಾರೆ. ಆಗ ಅದೇ ಉತ್ತರವನ್ನು ನೀವು ಮತ್ತೊಮ್ಮೆ ಬರೆಯಬೇಡಿ. ಅವರ ಹೆಸರು ಹಿಡಿದು ಧನ್ಯವಾದ ಹೇಳಿ, ಆ ಕಾಮೆಂಟನ್ನು ಮೇಲಕ್ಕೆ ಪಿನ್ ಮಾಡಿ, ಏನಾದರೂ ಬಿಟ್ಟುಹೋಗಿದ್ದರೆ ಅದನ್ನು ಮಾತ್ರ ಕೆಳಗೆ ಸೇರಿಸಿ.