ಪಿಎಂ ಕಿಸಾನ್ ಕಂತು ಎಲ್ಲಿ ಸಿಕ್ಕಿಕೊಂಡಿದೆ? ಮೊಬೈಲ್‌ನಲ್ಲೇ ನೋಡಿ

ಕಂತು ಬಿಡುಗಡೆಯಾದ ದಿನ ಊರ ಕಟ್ಟೆ ಮೇಲೆ ಒಂದೇ ಮಾತು: ‘ನಿಂಗೆ ಬಂತಾ?’ ಪಕ್ಕದ ಹೊಲದವರಿಗೆ ಮೆಸೇಜ್ ಬಂದಿರುತ್ತದೆ, ನಮಗೆ ಮಾತ್ರ ಇಲ್ಲ. ಪಿಎಂ ಕಿಸಾನ್‌ನಲ್ಲಿ ಕೇಂದ್ರ ಸರ್ಕಾರ ರೈತರಿಗೆ ಕೊಡುವುದು ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000. ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ ತರಬಹುದು. ಬಿಡುವ ದುಡ್ಡಲ್ಲ. ಹಾಗಂತ ಸುಮ್ನೆ ಆಫೀಸಿಗೆ ಅಲೆಯುವ ಮೊದಲು ಮೊಬೈಲ್ ತೆಗೆಯಿರಿ.

ಮೊದಲು ಪಿಎಂ ಕಿಸಾನ್ ಜಾಲತಾಣದಲ್ಲಿ ‘ಬೆನಿಫಿಶಿಯರಿ ಲಿಸ್ಟ್’ ಒತ್ತಿ. ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸುತ್ತ ಊರಿನವರೆಗೆ ಬಂದರೆ ಇಡೀ ಊರಿನ ಪಟ್ಟಿ ಸಿಗುತ್ತದೆ. ಹೆಸರಿನ ಸ್ಪೆಲ್ಲಿಂಗ್ ವಿಚಿತ್ರವಾಗಿರಬಹುದು, ನಿಧಾನವಾಗಿ ಹುಡುಕಿ.

ಆಮೇಲೆ ‘ನೋ ಯುವರ್ ಸ್ಟೇಟಸ್’ಗೆ ಹೋಗಿ ನೋಂದಣಿ ಸಂಖ್ಯೆ ಹಾಕಿ. ಸಂಖ್ಯೆ ಮರೆತಿದ್ದರೆ ಅಲ್ಲೇ ಮೊಬೈಲ್ ಅಥವಾ ಆಧಾರ್ ನಂಬರ್ ಕೊಟ್ಟು ಪಡೆಯಬಹುದು. ಒಟಿಪಿ ಹಾಕಿದ ಮೇಲೆ ಮೂರು ಸಾಲು ನೋಡಿ: ಇ-ಕೆವೈಸಿ (ನೀವು ನೀವೇ ಎಂಬ ಗುರುತಿನ ಖಾತ್ರಿ), ಆಧಾರ್ ಬ್ಯಾಂಕ್ ಸೀಡಿಂಗ್ (ಆಧಾರ್‌ಗೆ ಬ್ಯಾಂಕ್ ಖಾತೆಯ ಜೋಡಣೆ), ಲ್ಯಾಂಡ್ ಸೀಡಿಂಗ್ (ನಿಮ್ಮ ಹೆಸರಿಗೆ ಜಮೀನಿನ ದಾಖಲೆಯ ಜೋಡಣೆ). ಎಲ್ಲಿ ‘ನೋ’ ಇದೆಯೋ ಅಲ್ಲೇ ಗಂಟು.

ಇ-ಕೆವೈಸಿ ಸುಲಭ. ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ ಒಟಿಪಿಯಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಸಿಎಸ್‌ಸಿಯಲ್ಲಿ (ಸಾಮಾನ್ಯ ಸೇವಾ ಕೇಂದ್ರ) ಹೆಬ್ಬೆಟ್ಟು. ಕುಡುಗೋಲು ಹಿಡಿದು ಗೆರೆ ಸವೆದವರಿಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸುವ ದಾರಿಯೂ ಇದೆ. ಆ್ಯಪ್ ಮಾತ್ರ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಹಾಕಿಬಿಡುವ ಫೈಲ್) ಮುಟ್ಟಿದರೆ ಖಾತೆಯಲ್ಲಿದ್ದದ್ದೂ ಹೋದೀತು.

ಬ್ಯಾಂಕಿನ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಈ ದುಡ್ಡು ನೀವು ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ, ಆಧಾರ್ ಹಿಂದೆ ಹೋಗುತ್ತದೆ. ನಮ್ಮ ಅಮ್ಮನಿಗೆ ಮೂರು ಕಂತು ‘ಬರಲೇ ಇಲ್ಲ’. ಸ್ಟೇಟಸ್ ನೋಡಿದರೆ ಮೂರೂ ಜಮಾ! ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಾಗ ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ಟ್ರಂಕಿನ ತಳದಿಂದ ಆ ಪಾಸ್‌ಬುಕ್ ತೆಗೆದು ಎಂಟ್ರಿ ಹಾಕಿಸಿದರೆ 6,000 ತಣ್ಣಗೆ ಕೂತಿತ್ತು. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಅಂಟಿಕೊಂಡಿದೆ ಎಂದು ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಕಾಣುತ್ತದೆ.

ಮೂರೂ ಸರಿ ಇದ್ದೂ ಬರುತ್ತಿಲ್ಲವೇ? ಆದಾಯ ತೆರಿಗೆ ಕಟ್ಟುವವರಿಗೆ, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರಿಗೆ ಇದು ಸಿಗುವುದಿಲ್ಲ (ಗ್ರೂಪ್ ಡಿ ನಿವೃತ್ತರಿಗೆ ವಿನಾಯಿತಿ ಇದೆ). ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಮೀನಿದ್ದರೆ ಒಬ್ಬರಿಗೆ ಮಾತ್ರ. ರಾಜ್ಯ ಸರ್ಕಾರ ಹಿಂದೆ ಸೇರಿಸಿ ಕೊಡುತ್ತಿದ್ದ 4,000 ನಿಂತಿದೆ, ಅದಕ್ಕೆ ಕಾಯಬೇಡಿ. ಬೇರೆ ಅನುಮಾನಕ್ಕೆ ಸಹಾಯವಾಣಿ 155261.

ಲ್ಯಾಂಡ್ ಸೀಡಿಂಗ್ ‘ನೋ’ ಎಂದಿದ್ದರೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ರಾಜ್ಯದ ರೈತರ ವಿವರ ಇರುವ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರ್ ಸೇರಿದೆಯೇ ಎಂದು ಕೇಳಿ. ನಿಜವಾದ ತೊಡಕು ಪಹಣಿಯಲ್ಲೇ ಇರುವುದೂ ಉಂಟು. ತಾತ ತೀರಿಕೊಂಡು 20 ವರ್ಷವಾದರೂ ಎಷ್ಟೋ ಮನೆಗಳಲ್ಲಿ ದಾಖಲೆ ಪ್ರಕಾರ ಅವರೇ ಉಳುತ್ತಿರುತ್ತಾರೆ, ಅಲ್ವಾ? ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿ. 2019ರ ಫೆಬ್ರುವರಿ 1ರ ನಂತರ ಜಮೀನು ಕೊಂಡವರಿಗೆ ಯೋಜನೆ ಇಲ್ಲ. ಆದರೆ ಪೌತಿಯಿಂದ ಬಂದ ಜಮೀನಿಗೆ ಆ ಅಡ್ಡಿ ಇಲ್ಲ. ಖಾತೆ ಬದಲಾದ ಮೇಲೆ ಎಫ್‌ಐಡಿ ಮಾಡಿಸಿ, ನಿಮ್ಮ ಹೆಸರಲ್ಲೇ ಹೊಸದಾಗಿ ನೋಂದಾಯಿಸಬೇಕು.